ಕಿತ್ತಳೆ ಮರಕ್ಕೆ ಇಂಗಿನ ಉಪಚಾರ

ಸೊಸೆ ಇಂಗಿನ ಡಬ್ಬಿ ತೆಗೆದರೆ ಅವಳಿಗೆ ಸಾರು ನೆನಪಾಗುತ್ತದೆ, ನನಗೆ ಗಂಡ ನೆನಪಾಗುತ್ತಾರೆ. ನಗಬೇಡಿ. ಕೆಲವರಿಗೆ ಮಲ್ಲಿಗೆ ಒದಗುತ್ತದೆ, ನನ್ನ ಪಾಲಿಗೆ ಬಂದದ್ದು ಇಂಗು. ಇವತ್ತೂ ಅವಳು ಡಬ್ಬಿ ತೆಗೆದಳು, ನಾನು ಕೂತಲ್ಲೇ ಹಿಂದಕ್ಕೆ ಹೋದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆ ಕಡೆಯ ತುಂಬಿದ ಮನೆಗೆ ಮದುವೆಯಾಗಿ ಬಂದಿದ್ದೆ. ಹೊಸ ಹೆಣ್ಣು ಹಗಲು ಹೊತ್ತು ಗಂಡನ ಜೊತೆ ಮಾತಾಡುವ ಪದ್ಧತಿ ಅಲ್ಲಿರಲಿಲ್ಲ. ಊಟ ಬಡಿಸುವಾಗ ಅವರ ಕೈಯೊಂದೇ ಕಾಣುತ್ತಿತ್ತು. ಕೈ ಚೆನ್ನಾಗಿತ್ತು ಅನ್ನಿ.

ಆ ವರ್ಷ ತೋಟದ ಕಿತ್ತಳೆ ಮರಗಳಿಗೆ ರೋಗ ಬಂತು. ಎಲೆ ಹಳದಿ ತಿರುಗುವುದು, ಬೇರು ಕೊಳೆಯುವುದು, ಆಮೇಲೆ ಮರವೇ ಒಣಗುವುದು. ಮಾವ ಒಂದೊಂದನ್ನೇ ಕಡಿಸುತ್ತ ಬಂದರು. ಹಿತ್ತಿಲ ಮರದ ಸರದಿ ಬಂದಾಗ ನನ್ನವರು ಅಡ್ಡ ನಿಂತರು. ಇಂಗು ಅಂದರೆ ಮರುಭೂಮಿಯ ಗಿಡದ ಹಾಲಂತೆ, ಬೂಷ್ಟು ಅದರ ಹತ್ತಿರ ಸುಳಿಯುವುದಿಲ್ಲವಂತೆ ಎಂದು ಅಂಗಡಿಯಲ್ಲಿ ಯಾರೋ ಹೇಳಿದ್ದರು. ಮಳೆಯನ್ನೇ ಕಾಣದ ಗಿಡ ನಮ್ಮ ಮಳೆಯೂರಿನ ಮರಕ್ಕೆ ಮದ್ದು ಎಂದರೆ ನನಗೆ ನಂಬಿಕೆ ಬರಲಿಲ್ಲ. ಆದರೂ ಬೇಡ ಅನ್ನಲಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಇಬ್ಬರು ಬೇಕಿತ್ತು. ಬಟ್ಟೆಯಲ್ಲಿ ಕಟ್ಟಿದ ಇಂಗನ್ನು ಮರದ ಬುಡದಲ್ಲಿ ಒಬ್ಬರು ಹಿಡಿಯಬೇಕು, ಅದರ ಮೇಲೆ ಇನ್ನೊಬ್ಬರು ನಿಧಾನವಾಗಿ ನೀರು ಹೊಯ್ಯಬೇಕು.

"ಮರಕ್ಕೆ ಒಗ್ಗರಣೆ ಹಾಕೋದನ್ನ ಈಗ್ಲೇ ನೋಡಿದ್ದು ಕಣವ್ವ. ಸಾರಿಗೂ ಒಂಚೂರು ಉಳಿಸು," ಎಂದರು ಅತ್ತೆ.

ಬೇಸಿಗೆಯ ಸಂಜೆಗಳು. ಬಿಂದಿಗೆಯ ನೀರನ್ನು ನನ್ನವರು ನೂಲಿನಂತೆ ಸಣ್ಣಗೆ ಬಿಡುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ನನ್ನ ತವರಿನ ಸುದ್ದಿ, ಅವರು ಶಾಲೆಯಲ್ಲಿ ತಿಂದ ಏಟು, ಇಬ್ಬರಿಗೂ ಸೇರದ ಹಾಗಲಕಾಯಿ, ಎಲ್ಲ ಬಂದು ಹೋಗುತ್ತಿತ್ತು. ಕೈಗೆ ಹತ್ತಿದ ವಾಸನೆ ತೊಳೆದರೂ ಹೋಗುತ್ತಿರಲಿಲ್ಲ, ನಾನೂ ಹೆಚ್ಚು ತೊಳೆಯುತ್ತಿರಲಿಲ್ಲ.

ಒಂದು ದಿನ ಮರ ಚಿಗುರಿತು. ಮರ ಹುಷಾರಾದರೆ ನಮ್ಮ ಸಂಜೆಗಳು ಮುಗಿದ ಹಾಗೆಯೇ.

ಅವರು ಒಂದು ಎಲೆ ಹಿಡಿದು, "ಇನ್ನೂ ಹಳದಿ ಐತೆ, ನೋಡು," ಎಂದರು.

ಎಲೆ ಹಚ್ಚ ಹಸಿರಾಗಿತ್ತು. "ಹೂಂ, ಐತೆ," ಎಂದೆ.

ಅತ್ತೆಯ ಕಣ್ಣು ತಪ್ಪಿಸಲಾದೀತೇ? "ಚಿಗುರು ಬಂತಲ್ಲಪ್ಪ, ಇನ್ನೂ ಯಾಕೆ ಇಬ್ರೂ?" ಎಂದು ಮಗನನ್ನು ಕೇಳಿದರು.

ಅವರು ತಲೆಯೆತ್ತದೆ, "ಬೇರು ಇನ್ನೂ ಸುಧಾರಿಸ್ಬೇಕವ್ವ," ಎಂದರು.

ಅತ್ತೆ ನನ್ನ ಮುಖ ನೋಡಿ ಒಳಗೆ ಹೋದರು. ಮುಂದಿನ ಸಂತೆಯಲ್ಲಿ ಅವರೇ ಇಂಗು ತರಿಸಿದರು, ಮೊದಲಿಗಿಂತ ದೊಡ್ಡ ಗಟ್ಟಿ.

ಮರ ಉಳಿದದ್ದು ಇಂಗಿನಿಂದಲೋ, ಅದಕ್ಕೇ ನಮ್ಮ ಮೇಲೆ ಕನಿಕರ ಬಂದಿತ್ತೋ ಗೊತ್ತಿಲ್ಲ. ಕೆಲವು ವರ್ಷ ಹಣ್ಣು ಕೊಟ್ಟು, ಊರಿನ ಉಳಿದ ಕಿತ್ತಳೆಗಳ ಹಿಂದೆ ಅದೂ ಹೋಯಿತು. ಈಗ ನನ್ನವರೂ ಇಲ್ಲ. ಈ ವಯಸ್ಸಿನಲ್ಲಿ ಹೇಳಲು ನಾಚಿಕೆ, ಆದರೂ ಸಂಜೆಯಾದರೆ ನನಗೆ ಅವರು ಬೇಕು.

ಅಡುಗೆ ಮುಗಿಸಿದ ಸೊಸೆ ನನ್ನನ್ನು ಹೊರಗೆ ಕರೆದು ಕುಂಡದ ನಿಂಬೆಗಿಡ ತೋರಿಸಿದಳು. "ಅತ್ತೆ, ಎಲೆ ಚೆನ್ನಾಗಿದೆ ಅಲ್ವಾ?"

ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹಸಿರಾಗಿತ್ತು. ಹಸಿರು ಎಂದೆ. ಹಳದಿ ಅನ್ನಬೇಕೆಂದರೆ ಇನ್ನೊಬ್ಬರು ಬೇಕಲ್ಲ.