ಅವರೆಕಾಯಿ ಚೀಲದಲ್ಲಿ ಬಂದ ಫೋನು

ಅವರೆಕಾಯಿ ಬಿಡಿಸಲು ಕೂತು ಚೀಲಕ್ಕೆ ಕೈ ಹಾಕಿದರೆ ತಣ್ಣಗಿನದೇನೋ ಬೆರಳಿಗೆ ತಾಗಿತು. ಹುಳವೋ ಹಲ್ಲಿಯೋ ಎಂದು ಕೈ ಎಳೆದುಕೊಂಡೆ. ಅಷ್ಟರಲ್ಲಿ ಚೀಲವೇ ಗುರ್ ಎಂದು ನಡುಗಿತು. ಹಾಸಿದ್ದ ಪೇಪರಿನ ಮೇಲೆ ಎಲ್ಲವನ್ನೂ ಸುರಿದೆ. ಸೊಗಡು ಹತ್ತಿದ ಕಾಯಿಗಳ ನಡುವೆ ಒಂದು ಫೋನು ಬೆಳಕು ಬಿಟ್ಟುಕೊಂಡು ಮಲಗಿತ್ತು. ನನ್ನದಲ್ಲ. ಪರದೆಯ ಮೇಲೆ ಹಣೆಯಲ್ಲಿ ಬಿಳಿ ಬೊಟ್ಟಿದ್ದ ಒಂದು ಕರುವಿನ ಫೋಟೋ.

ಎಲ್ಲಿಂದ ಬಂತು ಎಂದು ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆಳಿಗ್ಗೆ ಸುಗಟೂರಿನ ಅಕ್ಕನ ಮನೆಯಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಸೀಟು ಸಿಕ್ಕವಳು ನಿಂತವಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ಕೇಳಿ ಮಾಡುವ ಉಪಕಾರವಲ್ಲ, ಸುಮ್ಮನೆ ಕೈ ಚಾಚಿದರೆ ಆಯಿತು. ಕಂಪನಿಯ ನೀಲಿ ಕೋಟು ತೊಟ್ಟ ಒಬ್ಬಳು ಹುಡುಗಿ ತನ್ನ ಬ್ಯಾಗನ್ನು ನನಗೆ ಕೊಟ್ಟಿದ್ದಳು. ಇಪ್ಪತ್ತು ದಾಟಿರಬಹುದು. ಒಂದು ಕಿವಿಯ ಓಲೆ ತಿರುಗಿ ಹಿಂದುಮುಂದಾಗಿತ್ತು, ಅವಳಿಗೆ ಅದರ ಗ್ಯಾನವೇ ಇರಲಿಲ್ಲ. ನನ್ನ ಅವರೆಕಾಯಿ ಚೀಲದ ಮೇಲೆ ಅವಳ ಬ್ಯಾಗು. ಅದರ ಹೊರಜೇಬಿಗೆ ಜಿಪ್ಪಿರಲಿಲ್ಲ. ರಸ್ತೆಯ ಹಂಪಿನಲ್ಲಿ ಬಸ್ಸು ಎತ್ತಿ ಹಾಕಿದಾಗ ಫೋನು ಜಾರಿರಬೇಕು.

ಸಿಕ್ಕಿದ್ದನ್ನು ಸಿಸ್ಟರ್ ಕೈಗೆ ಕೊಡಬೇಕು ಎಂಬುದು ನಾನು ಓದಿದ ಕಾನ್ವೆಂಟಿನ ನಿಯಮವಾಗಿತ್ತು. ಪೆನ್ನು, ರಿಬ್ಬನ್ನು, ಒಂಟಿ ಕಾಲುಚೀಲ, ಎಲ್ಲವೂ ಅವರ ಮೇಜಿನ ಡ್ರಾಯರಿಗೆ ಹೋಗುತ್ತಿತ್ತು. ಈಗ ಯಾರ ಕೈಗೆ ಕೊಡುವುದು? ಪರದೆಯನ್ನು ಮೇಲೆ ಸರಿಸಿದರೆ ಚುಕ್ಕಿಗಳು ಬಂದವು. ಗೆರೆ ಎಳೆದು ತೆಗೆಯುವ ಬೀಗ. ನಾನು ಮುಟ್ಟಲಿಲ್ಲ.

ಮತ್ತೆ ರಿಂಗಾಯಿತು. ‘ಮಾವ’ ಎಂದು ಹೆಸರು ಬಂತು. ನನಗೆ ಉಸಿರು ಬಂದಂತಾಯಿತು. ತಾಯಿಯ ತಮ್ಮ, ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಂಡವನು. ಅವನಿಗಿಂತ ಬೇಕಾದವರು ಹುಡುಗಿಗೆ ಇನ್ನಾರು ಎಂದುಕೊಂಡು ಎತ್ತಿದೆ.

“ಯಾಡುಂಡಾವೇ?” ಎಲ್ಲಿದ್ದೀಯೇ ಎಂದು ತೆಲುಗಿನಲ್ಲಿ ಕೇಳಿದ ಗಂಡಸಿನ ದನಿ ಗಟ್ಟಿಯಾಗಿತ್ತು.

“ನಾನು ಅವಳಲ್ಲಪ್ಪ. ಈ ಫೋನು ನನಗೆ ಸಿಕ್ಕಿದೆ. ಸುಗಟೂರಿಂದ ಕೋಲಾರಕ್ಕೆ ಬರೋ ಬಸ್ಸಲ್ಲಿ.”

ಆಮೇಲೆ ಬಂದ ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ಕೂತಲ್ಲಿಂದ ಎದ್ದು ನಿಂತೆ.

“ಕೋಲಾರದ ಬಸ್ಸಾ? ಅವ್ಳು ವೇಮಗಲ್ ಕಂಪನಿ ಗಾಡೀಲಿ ಹೋಗ್ಬೇಕಿತ್ತಲ್ಲ ಅಕ್ಕಾ. ಸರಿ ಬಿಡಿ. ನಿಮ್ಮನೆ ಎಲ್ಲಿ ಹೇಳಿ, ಬಂದು ಇಸ್ಕೊಂತೀನಿ.”

ನಾನು ಹೇಳಿದೆ. ರಸ್ತೆ, ಮೂಲೆಯ ಹಿಟ್ಟಿನ ಗಿರಣಿ, ಹಸಿರು ಗ್ರಿಲ್, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿಬಿಟ್ಟೆ.

“ಅವ್ಳ ಬ್ಯಾಗ್ ನೋಡಿದ್ರಾ ಅಕ್ಕಾ? ಬಟ್ಟೆಗಿಟ್ಟೆ ಇತ್ತಾ ಅದ್ರಲ್ಲಿ?”

ಆಗ ನನ್ನ ತೊಡೆಗೆ ಆ ಭಾರ ನೆನಪಾಯಿತು. ಊಟದ ಡಬ್ಬಿ ಇದ್ದ ಬ್ಯಾಗು ಗಟ್ಟಿಯಾಗಿ ಒಂದು ಕಡೆ ಒತ್ತುತ್ತದೆ. ಅದು ದಿಂಬಿನ ಹಾಗೆ ಮೆತ್ತಗೆ, ತುಂಬ ಭಾರವಾಗಿತ್ತು. ಬಟ್ಟೆಯೇ. ಒಂದೆರಡು ಜೊತೆಯಲ್ಲ.

“ಇಲ್ಲಪ್ಪ, ಊಟದ ಡಬ್ಬಿ ಅಷ್ಟೇ” ಎಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ನನಗೇ ಗಾಬರಿಯಾಯಿತು.

“ಹೊರಟೆ ಅಕ್ಕಾ” ಎಂದು ಅವನು ಇಟ್ಟ.

ಕಚೇರಿಯಲ್ಲಿದ್ದ ನಮ್ಮವರಿಗೆ ಫೋನು ಮಾಡಿದೆ. “ಯಾರದೋ ಮನೆ ವಿಷಯ ನಮಗ್ಯಾಕೆ? ಬಂದವನಿಗೆ ಕೊಟ್ಟು ಬಾಗಿಲು ಹಾಕ್ಕೋ” ಎಂದರು. ಆಗಲೇ ಮನೆಯ ಗುರುತು ಹೇಳಿಬಿಟ್ಟಿದ್ದೇನೆ ಎಂದಾಗ, “ತಡಿ, ನಾನೇ ಬರ್ತೀನಿ” ಎಂದರು.

ಮುಂಬಾಗಿಲ ಗ್ರಿಲ್ಲಿಗೆ ಬೀಗ ಹಾಕಿ ಬಂದಾಗ ಆ ಫೋನು ಮತ್ತೆ ನಡುಗುತ್ತಿತ್ತು. ಈ ಸಲ ಹೆಸರಿಲ್ಲದ ನಂಬರು. ಎತ್ತಿ ಮಾತಾಡದೆ ಕಿವಿಗಿಟ್ಟುಕೊಂಡೆ.

“ಹಲೋ... ಫೋನು ಯಾರತ್ರ ಐತೆ?” ಹುಡುಗಿಯ ದನಿ. ಸುತ್ತ ಬಸ್ಸುಗಳ ಸದ್ದು.

“ಪರದೆ ಮೇಲೆ ಏನಿದೆ ಹೇಳು” ಎಂದೆ.

“ನಮ್ ಕರು. ಹಣೆ ಮೇಲೆ ಬಿಳೀದೈತೆ.” ಆಮೇಲೆ, “ಬ್ಯಾಗ್ ಇಟ್ಕೊಂಡಿದ್ರಲ್ಲ, ಆ ಆಂಟಿನಾ?”

ಮಾವ ಬರುತ್ತಿದ್ದಾನೆ ಎಂದೆ.

“ಕೊಡಬೇಡಿ ಆಂಟಿ. ಭಾನುವಾರ ಅವ್ನಿಗೇ ನನ್ನ ಕೊಡೋ ಶಾಸ್ತ್ರ. ಅಕ್ಕನ ಮಗಳು ಅಂದ್ರೆ ಹಕ್ಕು ಅಂತಾನೆ. ಬೇಡ ಅಂದಿದ್ಕೆ ಹೊಡ್ದ. ನಾನು ಮಾಲೂರಲ್ಲಿ ಫ್ರೆಂಡ್ ರೂಮಿಗೆ ಹೋಗ್ತಿದೀನಿ. ಅಡ್ರೆಸ್ಸು, ಅವಳ ಫೋಟೋ, ಎಲ್ಲಾ ಅದ್ರಲ್ಲೇ ಐತೆ. ಅವ್ನು ಯಾವ್ದಾದ್ರೂ ಅಂಗಡೀಲಿ ಲಾಕ್ ಒಡಿಸಿದ್ರೆ ಸಾಯಂಕಾಲಕ್ಕೆ ಬಾಗಿಲಿಗೆ ಬರ್ತಾನೆ.”

ನಮ್ಮ ಮನೆಗಳಲ್ಲೂ ಸೋದರಮಾವನಿಗೆ ಕೊಟ್ಟವರಿದ್ದಾರೆ. ನಮ್ಮ ದೊಡ್ಡಮ್ಮನೇ ಹಾಗೆ ಮದುವೆಯಾದವರು. ‘ಮಾವ’ ಎಂಬ ಹೆಸರು ಕಂಡಾಗ ನನಗೆ ಕಿವಿ ಚುಚ್ಚಿದ್ದು ನೆನಪಾಗಿತ್ತೇ ಹೊರತು ಇದು ಹೊಳೆದಿರಲಿಲ್ಲ. ನನ್ನ ನಂಬರನ್ನು ಎರಡು ಸಲ ಹೇಳಿ, “ಇನ್ನು ಇದಕ್ಕೆ ಮಾಡಬೇಡ” ಎಂದೆ.

ಮೋಟಾರ್ ಬೈಕು ಹಿಟ್ಟಿನ ಗಿರಣಿಯ ಹತ್ತಿರ ನಿಂತು, ಮತ್ತೆ ಹೊರಟು, ನಮ್ಮ ಮನೆಯ ಮುಂದೆ ಆಫಾಯಿತು. ನಾನು ಕೆಟ್ಟ ಮುಖವೊಂದನ್ನು ಕಲ್ಪಿಸಿಕೊಂಡಿದ್ದೆ. ಬಂದವನು ಆಗಷ್ಟೇ ಗಡ್ಡ ಕೆರೆದು, ಇಸ್ತ್ರಿಯ ಅಂಗಿ ತೊಟ್ಟಿದ್ದ. ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟ, ಎರಡನ್ನೂ ಜೋಡಿಸಿ ಇಟ್ಟ. ಆ ಜೋಡಿಸಿಟ್ಟ ಚಪ್ಪಲಿ ನೋಡಿ ನಾನು ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದೆ.

“ಬಿಸ್ಲಲ್ಲಿ ಬಂದಿದೀನಿ, ಒಂದ್ ಲೋಟ ನೀರು ಕೊಡಿ ಅಕ್ಕಾ.”

ನೀರು ಕೇಳಿದವರಿಗೆ ಇಲ್ಲ ಎನ್ನುವುದು ನಮ್ಮ ಮನೆಗಳಲ್ಲಿ ಆಗುವ ಮಾತಲ್ಲ. ಆದರೆ ಲೋಟ ಕೊಡಬೇಕಾದರೆ ಗ್ರಿಲ್ ತೆಗೆಯಬೇಕು. ಒಳಗೆ ಹೋಗಿ ಸಣ್ಣ ಬಾಟಲಿಗೆ ನೀರು ತುಂಬಿಸಿ ತಂದೆ. ಕಂಬಿಗಳ ಸಂದಿಯಿಂದ ಬಾಟಲಿ ಚಾಚಿದೆ. ಅವನು ಬೀಗವನ್ನು ನೋಡಿದ, ಬಾಟಲಿಯನ್ನು ನೋಡಿದ, ನಿಧಾನವಾಗಿ ಕುಡಿದ.

“ಫೋನು?”

“ನಿಮ್ಮದೇ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ನಾನೇ ಕೊಡ್ಸಿದ್ದು ಅದು. ನಮ್ ಹುಡ್ಗೀದು.”

“ಹಾಗಾದರೆ ಲಾಕ್ ತೆಗೆದು ತೋರಿಸಿ.”

ಫೋನನ್ನು ಅವನ ಕೈಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಂಬಿಗೆ ಸ್ವಲ್ಪ ದೂರದಲ್ಲಿ ಇಟ್ಟೆ. ಅವನ ಬೆರಳು ಸಂದಿಯಿಂದ ಒಳಗೆ ಬಂತು. ಉಗುರಿನ ಸುತ್ತ ಹಸಿರು ಕರೆ, ಹಸುವಿಗೆ ಮೇವು ಕತ್ತರಿಸಿದ ಕೈ. ಒಂದು ಗೆರೆ ಎಳೆದ. ಫೋನು ನನ್ನ ಅಂಗೈಯಲ್ಲಿ ‘ಊಹೂಂ’ ಎನ್ನುವಂತೆ ನಡುಗಿತು. ಇನ್ನೊಂದು ಎಳೆದ. ಮತ್ತೆ ನಡುಗಿತು. ಎಲ್ಲಿ ಹೊಂದಿಕೊಂಡುಬಿಡುತ್ತದೋ ಎಂದು ನಾನು ಒಂದೊಂದು ಗೆರೆಗೂ ಉಸಿರು ಹಿಡಿದೆ. ಕೊನೆಗೆ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಪರದೆ ತಾನೇ ಬರೆದು ತೋರಿಸಿತು.

“ಓದ್ದೋರಂಗ್ ಕಾಣ್ತೀರ” ಎಂದ, ನಗುತ್ತ. “ಇನ್ನೊಬ್ರ ಮನೆ ಹೆಣ್ಮಕ್ಳ ವಿಷ್ಯಕ್ಕೆ ಕೈ ಹಾಕ್ಬಾರ್ದು ಅಂತ ಯಾರೂ ಹೇಳ್ಕೊಡ್ಲಿಲ್ವಾ?”

ನಾನು ಫೋನನ್ನು ಸೆರಗಿನೊಳಗೆ ಎಳೆದುಕೊಂಡೆ.

“ಸುಗಟೂರಲ್ಲಿ ಯಾರ ಮನೆಗೆ ಬಂದಿದ್ರಿ ಅಕ್ಕಾ? ಅವರೆಕಾಯಿ ಅಲ್ಲೀದೇ ಇರ್ಬೇಕಲ್ಲ.”

ಅವನ ಕಣ್ಣು ನನ್ನ ಹಿಂದೆ, ನಡುಮನೆಯಲ್ಲಿ ಹರಡಿದ್ದ ಪೇಪರಿನ ಮೇಲಿತ್ತು. ಊರಲ್ಲಿ ಒಂಟಿಯಾಗಿ ರೇಷ್ಮೆಹುಳುವಿನ ಮನೆ ನೋಡಿಕೊಳ್ಳುವ ಅಕ್ಕ ಕಣ್ಣ ಮುಂದೆ ಬಂದಳು. “ಸಂತೇಲಿ ತಂದಿದ್ದು” ಎಂದೆ. ಅವನು ನಂಬಲಿಲ್ಲ ಎಂಬುದು ನನಗೆ ತಿಳಿಯಿತು.

ಆಗ ನಮ್ಮವರ ಸ್ಕೂಟರು ಬಂತು. ಅವನು ಒಡನೆ “ನಮಸ್ಕಾರ ಸಾರ್” ಎಂದು ಪಕ್ಕಕ್ಕೆ ಸರಿದ. ನಮ್ಮವರು ನನ್ನ ಮುಖ ನೋಡಿದರು, ಒಳಗಿನಿಂದ ಹಾಕಿದ್ದ ಬೀಗ ನೋಡಿದರು. ಯಾರದೋ ಮನೆ ವಿಷಯ ಎಂದಿದ್ದವರು ಈಗ ಹೆಲ್ಮೆಟ್ಟನ್ನೂ ತೆಗೆಯದೆ, “ಫೋನು ಸ್ಟೇಷನ್ನಲ್ಲಿ ಕೊಡ್ತೀವಿ. ಆ ಹುಡುಗಿನೇ ಬಂದು, ಅವಳ ಕೈಯಾರೆ ಲಾಕ್ ತೆಗೆದು ತಗೊಳ್ಳಲಿ. ನೀವೂ ಬನ್ನಿ, ಈಗಲೇ ಹೋಗೋಣ” ಎಂದರು.

“ಮನೆ ಮಾನದ ವಿಷ್ಯ ಸಾರ್. ಸ್ಟೇಷನ್ ಯಾಕೆ?”

“ಹೊಡೆದಿದ್ದೀರಂತಲ್ಲ” ಎಂದೆ ನಾನು. ಅದು ಅವಳ ಜೊತೆ ಮಾತಾಡಿದ್ದೇನೆಂದು ಒಪ್ಪಿಕೊಂಡಂತೆ ಎಂಬುದು ಹೇಳಿಯಾದ ಮೇಲೆ ಹೊಳೆಯಿತು.

ಅವನು ಖಾಲಿ ಬಾಟಲಿಯನ್ನು ಕಂಬಿಯ ಸಂದಿಯಲ್ಲಿ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ನಾವಿಬ್ಬರೂ ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಅವಳು ಫ್ರೆಂಡಿನ ಫೋನಿನಿಂದ ನನಗೆ ಮಾಡಿದ್ದಳು. ಅಲ್ಲಿದ್ದ ಮಹಿಳಾ ಪೇದೆಯೊಬ್ಬರು ನನ್ನ ಫೋನಿನಿಂದಲೇ ಆ ನಂಬರಿಗೆ ಕರೆ ಮಾಡಿಸಿ ಅವಳ ಜೊತೆ ಮಾತಾಡಿದರು. ವಯಸ್ಸು ಕೇಳಿದರು, ಯಾರ ಬಲವಂತವೂ ಇಲ್ಲವೇ ಎಂದು ಕೇಳಿದರು. ಕೋಲಾರಕ್ಕೆ ಬರಲು ಅವಳಿಗೆ ಧೈರ್ಯವಿರಲಿಲ್ಲ. ನಾನೇ ಮಾಲೂರಿಗೆ ಒಯ್ದು ಕೊಡುವುದಾದರೆ ಆಗಬಹುದೆಂದು ಅವರು ಒಪ್ಪಿದರು.

ಭಾನುವಾರ ಕಳೆದ ಮೇಲೆ ಹೊರಟೆ. ದಾರಿಯುದ್ದಕ್ಕೂ ಬಸ್ಸಿನ ಹಿಂದೆ ಬರುವ ಒಂದೊಂದು ಬೈಕನ್ನೂ ನೋಡಿದೆ. ಮಾಲೂರು ಬಸ್ ಸ್ಟ್ಯಾಂಡಿನಲ್ಲಿ ಅವಳು ಕಂಬದ ಹಿಂದೆ ನಿಂತಿದ್ದಳು. ಕೆನ್ನೆಯ ಮೂಳೆಯ ಮೇಲೆ ಹಳದಿಗೆ ತಿರುಗಿದ ಒಂದು ಕಲೆ. ಬಸ್ಸಿನಲ್ಲಿ ಅದನ್ನು ಪೌಡರ್ ಮುಚ್ಚಿತ್ತೋ ಏನೋ, ನಾನು ಗಮನಿಸಿರಲಿಲ್ಲ.

“ಭಯ ಆಯ್ತಾ ಆಂಟಿ?”

“ಈಗಲೂ ಆಗ್ತಿದೆ ಕಣೇ. ನಮ್ಮಕ್ಕನ ಮನೆಗೆ ಹೋಗೋಕೇ ಆಗಿಲ್ಲ ನನಗೆ.”

“ನಂಗೂ” ಎಂದಳು. ಫೋನು ತೆಗೆದುಕೊಂಡು, ಚಾರ್ಜಿದೆಯಾ ಎಂದು ನೋಡಿ, ಹೆಬ್ಬೆರಳಿನಿಂದ ಒಂದೇ ಎಳೆತಕ್ಕೆ ಬೀಗ ತೆಗೆದಳು. ಬಂದು ರಾಶಿಬಿದ್ದಿದ್ದ ಯಾವ ಮೆಸೇಜನ್ನೂ ಓದಲಿಲ್ಲ. ಅಮ್ಮನ ನಂಬರು ಒತ್ತಿದಳು. ಆ ಕಡೆ ಎತ್ತಿದರು. ಅಲ್ಲಿನ ಅಳು ನನಗೂ ಕೇಳಿಸುತ್ತಿತ್ತು.

“ಅಮ್ಮಾ, ಅವ್ನು ಬೇಡ ಅಂದೆ” ಎಂದಳು. “ನೀನು ಬೇಡ ಅಂತ ನಾನು ಅಂದಿಲ್ಲ.”

ಆಮೇಲೆ ಇಬ್ಬರೂ ತೆಲುಗಿನಲ್ಲಿ ಮಾತಾಡತೊಡಗಿದರು. ನಾನು ಸ್ವಲ್ಪ ದೂರ ಸರಿದು, ಅವಳಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಕಣ್ಣಿಟ್ಟು ನಿಂತೆ.