ಜಾಲಿ ಗಿಡದ ಹೊಟ್ಟೆ ತಣ್ಣಗಿರಲಿ

ಮಾನ್ವಿಯ ಅಕ್ಕಿ ಗಿರಣಿಯ ಕಣದಲ್ಲಿ ಯಂಕಮ್ಮ ಭತ್ತ ತಿರುವುವುದನ್ನು ನೀವು ಒಮ್ಮೆ ನೋಡಬೇಕು. ಕುದಿಸಿದ ಭತ್ತವನ್ನು ಬಿಸಿಲಿಗೆ ಹರವಿ, ಬರಿಗಾಲನ್ನೇ ನೇಗಿಲು ಮಾಡಿ ಸಾಲು ಎಳೆದಳೆಂದರೆ ಒಂದು ಕಾಳೂ ಹಸಿ ಉಳಿಯುವುದಿಲ್ಲ. ತವರು ದೇವದುರ್ಗದ ಕಡೆಯ ಗೂಗಲ್, ಕೊಟ್ಟ ಊರು ಹಿರೇಕೊಟ್ನೆಕಲ್. ಕೃಷ್ಣೆಯ ದಂಡೆಯಲ್ಲಿ ಬೊಗಸೆ ಬೊಗಸೆ ನೀರು ಕುಡಿದು ಬೆಳೆದ ಹೆಣ್ಣುಮಗಳು ಗಿರಣಿ ಸೇರಿದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟುಬಿಟ್ಟಿದ್ದಳು.

ಯಾಕೆಂದರೆ ಗಿರಣಿಯಲ್ಲಿ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ. ಆಫೀಸಿಗೆ ಅಂಟಿಕೊಂಡು ಒಂದಿತ್ತು, ಅದರ ಬೀಗದ ಕೈ ಸಾವುಕಾರ ಈರಯ್ಯನವರ ಮೇಜಿನೊಳಗೆ. ಹೆಂಗಸರ ಪಾಲಿಗೆ ಇದ್ದದ್ದು ಹಿತ್ತಲಿನ ಬೂದಿ ಗುಡ್ಡೆಯ ಆಚೆಗಿನ ಬಳ್ಳಾರಿ ಜಾಲಿಯ ಪೊದೆ. ಅದೂ ಗಂಡಸರು ಊಟಕ್ಕೆ ಕೂತಾಗ, ಗೆಳತಿ ಬಿಸ್ಮಿಲ್ಲಾ ಬೀ ಕಾವಲು ನಿಂತರೆ ಮಾತ್ರ. ನೀರು ಕುಡಿಯದಿದ್ದರೆ ಹೋಗುವ ಕೆಲಸವೂ ಇಲ್ಲ ಎಂದು ಯಂಕಮ್ಮ ತನಗೆ ತಾನೇ ಔಷಧ ಕಂಡುಕೊಂಡಿದ್ದಳು. ಕಿಬ್ಬೊಟ್ಟೆ ಉರಿ ತಾಳಲಾರದೆ ರಾಯಚೂರಿಗೆ ಹೋದಾಗ ಅಲ್ಲಿಯ ಡಾಕ್ಟರು ಬೈದಿದ್ದರು: ನೀರು ಕುಡಿಯದಿದ್ದರೆ ಕಿಡ್ನಿ ಕೈಕೊಡುತ್ತದೆ. ಅವಳು ತಲೆಯಾಡಿಸಿ ಬಂದಳು. ಎಲ್ಲಿ ಹೋಗಬೇಕು ಅಂತ ಡಾಕ್ಟರು ಹೇಳಿರಲಿಲ್ಲ.

ಆ ಹೊತ್ತಿಗೆ ಸಾವುಕಾರರ ಸೊಸೆ ಶೈಲಜಾ ರಾಯಚೂರಿನಲ್ಲಿ ಆರೋಗ್ಯದ ಯಾವುದೋ ಶಿಬಿರ ಮುಗಿಸಿ ಬಂದಳು. ಮನಸ್ಸು ಒಳ್ಳೆಯದೇ, ಸುಳ್ಳು ಯಾಕೆ ಹೇಳಬೇಕು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ಗುಂಡಗೆ ನಿಲ್ಲಿಸಿ, ಒಬ್ಬೊಬ್ಬರೂ ಯಾವುದಕ್ಕಾದರೂ ಕೃತಜ್ಞತೆ ಹೇಳಬೇಕು, ಹೇಳಿದರೆ ಮೈಮನಸ್ಸು ಹಗುರಾಗುತ್ತದೆ ಎಂದಳು. ಹೆಂಗಸರಿಗೆಲ್ಲ ಸ್ಟೀಲ್ ಬಾಟಲಿ ಹಂಚಿದಳು. ಸಂಜೆ ಗೇಟಿನಲ್ಲಿ ಅದನ್ನು ಖಾಲಿ ತೋರಿಸಬೇಕು.

ಕೃತಜ್ಞತೆ ಎಂಬ ಮಾತು ಯಾರ ನಾಲಿಗೆಗೂ ಹತ್ತಲಿಲ್ಲ. ಧನ್ಯವಾದ ಎನ್ನಿ ಸಾಕು ಎಂದಳು ಶೈಲಜಾ. ಬಿಸ್ಮಿಲ್ಲಾ ಬೀ ಸೆರಗಿನಲ್ಲಿ ನಕ್ಕು, “ಅದು ಸಭಾ ಮುಗಿದ ಮ್ಯಾಲ ಮೈಕಿನಾಗ ಹೇಳೋದಲ್ಲೇನ್ರೀ ಅಕ್ಕೋರ? ಅದಂದ ಮ್ಯಾಲ ಮನಿಗಿ ಹೋಗಬೇಕಲ್ರೀ,” ಅಂದಳು. ಕಡೆಗೆ ದಾರಿ ತೋರಿಸಿದ್ದು ಯಂಕಮ್ಮ. ಉಪಕಾರ ಮಾಡಿದವರಿಗೆ ನಾವು ಹೊಟ್ಟೆ ತಣ್ಣಗಿರಲಿ ಅಂತೀವಲ್ಲ, ಅದನ್ನೇ ಅನ್ನೋಣ. ಅಂದಿನಿಂದ ದಿನಾ ಬಹಳ ಮಂದಿ ಸಾವುಕಾರರ ಹೊಟ್ಟೆಯನ್ನೇ ತಣ್ಣಗೆ ಮಾಡಿದರು. ಅವರೂ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಯಂಕಮ್ಮನಿಗೆ ಮಾತ್ರ ಇದು ನಿಜಕ್ಕೂ ಹಿಡಿಸಿತು. ಬರುವಾಗ ಟಂಟಂ ಆಟೋದಲ್ಲಿ ಕೂತು ಇವತ್ತು ಯಾರನ್ನು ಹರಸಲಿ ಎಂದು ಹುಡುಕುತ್ತಿದ್ದಳು. ಅವಳಿಗಾಗಿ ಗಾಡಿ ನಿಲ್ಲಿಸಿಕೊಂಡು ಕಾಯುವ ನಬೀಸಾಬ್‌ನನ್ನು ಹರಸಿದಳು, ಮೋಡವನ್ನು ಹರಸಿದಳು. ಬಾಟಲಿ ಕೊಟ್ಟವರ ಮನಸ್ಸು ನೋಯಬಾರದೆಂದು ನೀರನ್ನೂ ಕುಡಿದಳು. ಕುಡಿದಂತೆಲ್ಲ ಪೊದೆಯ ಕಡೆ ಓಡಾಟ ಹೆಚ್ಚಿತು, ಉರಿ ಕಡಿಮೆಯಾಯಿತು. ಹಾಗಾಗಿ ಒಂದು ದಿನ ತನ್ನ ಪಾಳಿ ಬಂದಾಗ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಳು.

“ಹಿತ್ತಲ ಜಾಲಿ ಗಿಡದ ಹೊಟ್ಟಿ ತಣ್ಣಗಿರಲಿ.”

“ಗಿಡಕ್ಕ ಯಾಕ ಯಂಕಮ್ಮ? ಬರೇ ಮುಳ್ಳು ಅದ,” ಅಂದಳು ಶೈಲಜಾ.

“ಮುಳ್ಳಿದ್ರೂ ನಮ್ಮ ಮಾನ ಅದಾ ಕಾಯ್ತದರೀ ಅಕ್ಕೋರ. ನೀವು ಕೊಟ್ಟ ನೀರು ಕುಡದು ನಾವು ಮತ್ತೆಲ್ಲಿ ಹೋಗ್ಬೇಕ್ರೀ?”

ಗಂಡಸರು ನೆಲ ನೋಡಿದರು. ಶೈಲಜಾಳ ಮುಖ ಕೆಂಪಾಯಿತು. ನೆಟ್ಟಗೆ ಆಫೀಸಿಗೆ ಹೋಗಿ ಮಾವನ ಮುಂದೆ ನಿಂತಳು. ಹೆಂಗಸರಿಗೆ ವ್ಯವಸ್ಥೆ ಮಾಡಿಸುತ್ತೇನೆ ಎಂದು ಈರಯ್ಯನವರು ಹೇಳಿದ್ದು ಕಣದವರೆಗೂ ಕೇಳಿಸಿತು. ಬಿಸ್ಮಿಲ್ಲಾ ಬೀ ಯಂಕಮ್ಮನ ಗಲ್ಲ ಹಿಂಡಿದಳು.

ವಾರದೊಳಗೆ ಜೇಸಿಬಿ ಬಂತು. ಪೊದೆಯನ್ನು ಬಾಚಿ ಎತ್ತಿ ಆಚೆ ಚೆಲ್ಲಿತು. ಪಾಯಿಖಾನೆಗೆ ಪಾಯ ತೋಡುತ್ತಾರೆಂದು ಹೆಂಗಸರು ಕೆಲಸ ಬಿಟ್ಟು ನೋಡಿದರು. ಪಾಯ ಬರಲಿಲ್ಲ. ಹಾಸುಗಲ್ಲು ಬಂತು, ಸಿಮೆಂಟಿನ ಬೆಂಚು ಬಂತು, ಬಣ್ಣದೆಲೆ ಗಿಡದ ಕುಂಡಗಳು ಬಂದವು. ಗೋಡೆಯ ಮೇಲೆ ಪೇಂಟರು ಬರೆದ: ಕೃತಜ್ಞತಾ ವನ. ಶೈಲಜಾ ಕೇಳಿದ್ದಕ್ಕೆ ಈರಯ್ಯನವರು, ಹಿತ್ತಲಿನ ವಿಷಯ ಅಕ್ಕಿ ಕೊಳ್ಳುವವರ ಕಿವಿಗೆ ಬಿದ್ದರೆ ಗಿರಣಿಯ ಮರ್ಯಾದೆ ಏನಾಗಬೇಕು ಎಂದರು. “ಗಿಡ ಇದ್ರ ತಾನ ಹೋಗೋದು? ಇಲ್ದಿದ್ರ ಮನ್ಯಾಗ ಮುಗಿಸ್ಕೊಂಡ ಬರ್ತಾರ ಬಿಡವ್ವ.” ಶೈಲಜಾ ಮರುದಿನ ಬೆಂಚಿಗೆ ಹೂವಿನ ಹಾರ ಹಾಕಿಸಿದಳು.

ಹೆಂಗಸರು ಯಂಕಮ್ಮನ ಜೊತೆ ಕೂತು ಬುತ್ತಿ ಬಿಚ್ಚುವುದನ್ನು ಬಿಟ್ಟರು. ಬಿಸ್ಮಿಲ್ಲಾ ಬೀ ದೂರ ಕೂತಲ್ಲಿಂದಲೇ ಅಂದಳು: “ಇದ್ದದ್ದೊಂದು ಗಿಡ. ಹೊಗಳಿ ಕಳದಿ ಬೇ.”

ಯಂಕಮ್ಮ ಬೆಳಗಿನ ಗುಂಪಿನಲ್ಲಿ ಪಾಳಿ ಬಂದಾಗ ಎಲ್ಲರಂತೆ, “ಸಾವ್ಕಾರ್ರ ಹೊಟ್ಟಿ ತಣ್ಣಗಿರಲಿ,” ಅಂದಳು. ಅವಳ ಕಿಬ್ಬೊಟ್ಟೆಯಲ್ಲಿ ಉರಿ ಮತ್ತೆ ಶುರುವಾಗಿತ್ತು.

ಸಂಜೆ ಹೊರಡುವಾಗ ಬಾಟಲಿ ತುಂಬಿದಂತೆಯೇ ಇತ್ತು. ಸಿಮೆಂಟು ಬೆಂಚಿನ ಬುಡದಲ್ಲಿ, ಕಲ್ಲಿನ ಸಂದಿಯಿಂದ ಜಾಲಿಯ ಚಿಗುರೊಂದು ಮೂತಿ ತೂರಿಸಿತ್ತು. ಸಣ್ಣ ಮುಳ್ಳೂ ಬಂದಿತ್ತು. ಯಂಕಮ್ಮ ಅತ್ತಿತ್ತ ನೋಡಿ ಬಾಟಲಿಯ ನೀರನ್ನೆಲ್ಲ ಅದಕ್ಕೆ ಸುರಿದಳು.

ಗೇಟಿನಲ್ಲಿ ಶೈಲಜಾ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದಳು. “ಶಭಾಶ್ ಯಂಕಮ್ಮ,” ಅಂದಳು, “ಹಿಂಗಾ ದಿನಾ ಕುಡಿಬೇಕು.”