ಚಕ್ರದ ಹಿಂದಿನ ಕಲ್ಲು

ಆ ಕಲ್ಲು ತೆಗೆದವಳು ನಾನು. ಅಪ್ಪ ಮರೆತಿರಲಿಲ್ಲ. ಜೀಪಿನ ಹಿಂದಿನ ಚಕ್ರಕ್ಕೆ ಎಂದಿನಂತೆ ಕಲ್ಲು ಒತ್ತಿಟ್ಟು, ಕಾಲಿನಿಂದ ಎರಡು ಸಲ ಒದ್ದು ನೋಡಿ, ಆಮೇಲೆಯೇ ಅವರು ಕೆಲಸಕ್ಕೆ ಇಳಿದಿದ್ದರು. ತೆಗೆದದ್ದು ನಾನು, ವಾಪಸ್ ಇಡದೆ ಹೋದದ್ದು ನಾನು, ಆಮೇಲೆ — ಥೂ, ಬರೆಯಲು ಈಗಲೂ ಕೈ ಹಿಂಜರಿಯುತ್ತದೆ — ಏನೂ ನೋಡಿಲ್ಲ ಎಂದವಳೂ ನಾನೇ.

ಅಪ್ಪ ಭಾಲ್ಕಿ ಕಡೆಯವರು. ಊರು ಬಿಟ್ಟು ಬಂದು ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ಎಲ್ಲಿಂದಲೋ ಒಂದು ಮುದಿ ಫೋರ್ ವೀಲ್ ಡ್ರೈವ್ ಜೀಪನ್ನು ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ಅದನ್ನು ತಾವೇ ರಿಪೇರಿ ಮಾಡಿ, ಅವ್ವನನ್ನು ಕೂರಿಸಿಕೊಂಡು ಊರಿಗೆ ಹೋಗಬೇಕೆಂಬ ಹಟ. ನಾನು ಆಗ ಮಾದಾಪುರದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿ ಬಂಡೆ ಒಡೆದ ಜಾಗದಲ್ಲೆಲ್ಲ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಬೇರೆಯವರ ತಪ್ಪು ಹುಡುಕಿ ಬರೆದಿಡುವುದೇ ನನ್ನ ಉದ್ಯೋಗ. ನಗಬೇಕೆನಿಸಿದರೆ ನಗಿ.

ಭಾನುವಾರಗಳಲ್ಲಿ ಅಪ್ಪನ ಕೈಗೆ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ ಕೊಡುವವಳು ನಾನು. ಅಣ್ಣನಿಗೆ ಎಣ್ಣೆ, ಮಸಿ ಕಂಡರೆ ಆಗದು. ಜೀಪು ಹೊರಟರೆ ಸಾಕು, ಕೆಳಗಿನಿಂದ ಟಕ್ ಟಕ್ ಸದ್ದು. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಒಯ್ಯುವ ಎರಡು ಉದ್ದನೆಯ ಶಾಫ್ಟ್‌ಗಳಿರುತ್ತವೆ, ಮುಂದಕ್ಕೊಂದು, ಹಿಂದಕ್ಕೊಂದು. ಅವುಗಳ ಕೀಲುಗಳು ಸವೆದಿದ್ದವು. ಎರಡನ್ನೂ ಬಿಚ್ಚುವ ಮೊದಲು ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರು:

“ಇದರ ಹ್ಯಾಂಡ್‌ಬ್ರೇಕ್ ಚಕ್ರಕ್ಕಿಲ್ಲವ್ವಾ, ಈ ಶಾಫ್ಟಿಗೇ ಐತಿ. ಶಾಫ್ಟ್ ಬಿಚ್ಚಿದ್ವಿ ಅಂದ್ರ ಗೇರ್ ಹಾಕಿದ್ರೂ ಅಷ್ಟ, ಬ್ರೇಕ್ ಎಳೆದ್ರೂ ಅಷ್ಟ. ಗಾಡಿ ಹಿಡಿಯೋದು ಕಲ್ಲ ಒಂದ.”

ಹಾಗಾಗಿ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು. ಅದೂ ಗೊತ್ತಿತ್ತು.

ಆ ಭಾನುವಾರ ಎರಡೂ ಶಾಫ್ಟ್ ಬಿಚ್ಚಿ ಆಗಿತ್ತು. ಕೀಲನ್ನು ಹಿಡಿದಿಡುವ ಸಣ್ಣ ಉಕ್ಕಿನ ಬಳೆಯೊಂದು ಅಪ್ಪನ ಕೈಯಿಂದ ಚಿಮ್ಮಿ ಹೋಗಿ ಎಲ್ಲೋ ಬಿತ್ತು. “ಹುಡುಕಿಡವ್ವಾ, ಚಾ ಕುಡಿದು ಬರ್ತೀನಿ” ಎಂದು ಅವರು ಹಿತ್ತಲ ಕಡೆಗೆ ಹೋದರು. ಹುಡುಕಿದೆ. ಅದು ಚಕ್ರಕ್ಕೂ ಕಲ್ಲಿಗೂ ನಡುವಿನ ಸಂದಿಯಲ್ಲಿ ಹೊಳೆಯುತ್ತಿತ್ತು. ಕಲ್ಲು ಎತ್ತಿದೆ. ಚಕ್ರ ಸಣ್ಣ ತಗ್ಗಿನಲ್ಲಿ ಕೂತಿತ್ತು, ಜೀಪು ಅಲುಗಲಿಲ್ಲ. ಬಳೆ ತೆಗೆದುಕೊಂಡೆ. ಅಷ್ಟರಲ್ಲಿ ಫೋನು. ಆಫೀಸಿನ ಟೀಮ್ ಲೀಡರ್, ಏನೋ ಅವಸರ. ಕಲ್ಲನ್ನು ಗೋಡೆಯ ಬುಡಕ್ಕೆ ಹಾಕಿ, ಬಳೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಒಳಗೆ ನಡೆದೆ. ಆ ದಿನ ಆಫೀಸಿನಲ್ಲಿ ಏನು ಕೆಟ್ಟಿತ್ತೆಂದು ಇವತ್ತು ಕೇಳಿದರೆ — ದೇವರಾಣೆ, ನೆನಪಿಲ್ಲ.

ಅಪ್ಪ ಬಂದರು. ತಾವೇ ಇಟ್ಟ ಕಲ್ಲು, ಅದನ್ನು ಮತ್ತೆ ಏಕೆ ನೋಡಬೇಕು? ಕೆಳಗೆ ನುಸುಳಿ ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿರಬೇಕು. ನಾನು ಒಳಗೆ “ಯಸ್, ಯಸ್” ಎನ್ನುತ್ತಿದ್ದಾಗ ಅವರ ಕೂಗು ಕೇಳಿಸಿತು. ಜೀಪು ಹಿಂದಕ್ಕೆ ಉರುಳಿ, ಮುಂದಿನ ಚಕ್ರ ಅವರ ಬಲಗಾಲಿನ ಮೇಲೆ ಹತ್ತಿ ಇಳಿದು, ಗೇಟಿನ ಕಂಬಕ್ಕೆ ಗುದ್ದಿ ನಿಂತಿತ್ತು.

ಅಕ್ಕಪಕ್ಕದವರು ಓಡಿ ಬಂದರು. “ಅರೇ, ಪತ್ಥರ್ ನಹೀ ರಖೇ ಕ್ಯಾ?” ಕಲ್ಲು ಇಟ್ಟಿರಲಿಲ್ಲವೇ ಎಂದು ಯಾರೋ ಕೇಳಿದರು. ಅಣ್ಣ ಗೋಡೆಯ ಕಡೆ ಕೈ ತೋರಿಸಿದ. “ಕಲ್ಲ ಅಲ್ಲೇ ಬಿದ್ದೈತಿ ನೋಡ್ರಿ. ಅಪ್ಪ ಇಟ್ಟೇ ಇಲ್ಲ.”

ಅಪ್ಪ ನೆಲದಲ್ಲಿ ಬಿದ್ದಿದ್ದರು, ಮುಖ ಬೂದಿಯಾಗಿತ್ತು. ಆ ನೋವಿನಲ್ಲೂ ಅವರಿಗೆ ಬೇಕಾಗಿದ್ದು ಒಂದೇ ಒಂದು ಮಾತು. ನನ್ನ ಕಡೆ ಹೊರಳಿ ಕೇಳಿದರು:

“ನಾ ಇಟ್ಟಿದ್ನಲ್ಲವ್ವಾ... ನೀ ನೋಡಿದಿ, ಹೌದಿಲ್ಲೋ?”

“ನಾ ನೋಡಿಲ್ಲಪ್ಪಾ” ಎಂದೆ.

ಉಕ್ಕಿನ ಬಳೆ ಆಗಲೂ ನನ್ನ ಮುಷ್ಟಿಯಲ್ಲೇ ಇತ್ತು. ಹೆದರಿದ್ದೆ ಎನ್ನಬಹುದು. ಆದರೆ ಹೆದರಿಕೆ ಎಷ್ಟು ದಿನ ಇರುತ್ತದೆ? ಒಂದು ದಿನ, ಒಂದು ವಾರ... ಆಮೇಲಿನದು ಹೆದರಿಕೆಯಲ್ಲ. ಮನೆಯಲ್ಲಿ ಜಾಣೆ ಎಂಬ ಹೆಸರಿತ್ತಲ್ಲ, ಅದು ಕೈಬಿಟ್ಟು ಹೋಗುವುದು ಬೇಡವಾಗಿತ್ತು.

ಕಾಲು ಕೂಡಿತು, ಕುಂಟು ಉಳಿಯಿತು. ಕುಂಟಿನ ಮಾತು ಬಿಡಿ. ಅಣ್ಣ ಜೀಪನ್ನು ಗುಜರಿಗೆ ಹಾಕಿಸಿದ, ಅಪ್ಪನ ಸ್ಕೂಟರಿನ ಕೀಲಿ ಎತ್ತಿಟ್ಟ. “ಇನ್ನ ಮ್ಯಾಲ ಪಾನಾ ಮುಟ್ಟಿದ್ರ ನನ್ನ ಆಣಿ ಐತಿ” ಎಂದು ಅವ್ವ ಅತ್ತಳು. ಅಪ್ಪ ಒಂದಕ್ಕೂ ಎದುರಾಡಲಿಲ್ಲ. ಇಡೀ ಕಾರ್ಖಾನೆಯಲ್ಲಿ ಒಂದು ನಟ್ಟು ಸಡಿಲ ಬಿಟ್ಟವರಲ್ಲ ಎಂದು ಹೆಸರಾದ ಮನುಷ್ಯ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೋಡಲು ಹಾಸಿಗೆಯಿಂದ ಎದ್ದು ಬರತೊಡಗಿದರು. ನಲ್ಲಿ, ಸ್ವಿಚ್ಚು, ಬಾಗಿಲು. ಔಷಧಿ ನುಂಗಿದ ಕೂಡಲೇ ಅಂಗೈಯಲ್ಲಿ ಪೆನ್ನಿನಿಂದ ಗೀಟು ಎಳೆದುಕೊಳ್ಳುತ್ತಿದ್ದರು. ಬೀದಿಯವರು ಮಿಕ್ಸಿ, ಫ್ಯಾನು ಹಿಡಿದು ಬಂದರೆ, “ನನ್ನ ತಲಿ ನಂಬಬ್ಯಾಡ್ರಿ” ಎಂದು ಹಿಂದಕ್ಕೆ ಕಳಿಸುತ್ತಿದ್ದರು. ಅವರ ತಲೆಗೆ ಏನೂ ಆಗಿರಲಿಲ್ಲ! ಅದು ಗೊತ್ತಿದ್ದ ಒಂದೇ ಜೀವ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ತಪ್ಪು ಪಟ್ಟಿ ಮಾಡುತ್ತಿತ್ತು.

ಅವ್ವ ತೀರಿಹೋಗಿ ಮೂರು ವರ್ಷವಾಯಿತು. ಆ ಜೀಪು ಊರಿಗೆ ಹೋಗಲೇ ಇಲ್ಲ, ಅವಳೂ ಅದರಲ್ಲಿ ಕೂರಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ, ಅಪ್ಪನನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು, ಹೊರಡುವ ಮೊದಲು ಎದುರಿಗೆ ಕೂತು ಎಲ್ಲ ಹೇಳಿದೆ. ಇಷ್ಟು ವರ್ಷ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಳೆಯನ್ನು ಅವರ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ಪಂಚೆಯ ಅಂಚಿನಿಂದ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದರು.

“ಹಿಂದಿನ ಶಾಫ್ಟಿಂದು” ಎಂದರು. ಒಂದು ಕ್ಷಣ ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಅದನ್ನು ನನ್ನ ಕೈಗೇ ಹಿಂದಿರುಗಿಸಿ, ನನ್ನ ತಲೆ ಸವರಿದರು. “ಇಂಥಾವು ಪ್ಯಾಟ್ಯಾಗ ಬೇಕಾದಷ್ಟ ಸಿಗ್ತಾವ. ನನ್ನ ಸಮಾಧಾನಕ್ಕ ಸುಳ್ಳ ಹೇಳಬ್ಯಾಡವ್ವಾ. ನೀ ಅಂಥಾಕಿ ಅಲ್ಲ. ನೀ ತಗದಿದ್ರ ಅವತ್ತೇ ಹೇಳ್ತಿದ್ದಿ.”

ಮತ್ತೆ ಹೇಳಿದೆ, ಅತ್ತುಬಿಟ್ಟೆ, ಆಣೆ ಇಟ್ಟೆ. ಅವರು ನಗುತ್ತಾ ಚಪ್ಪಲಿ ಮೆಟ್ಟಿದರು. ಈ ಹಾಳೆಗಳನ್ನು ಅಣ್ಣನಿಗೆ ಕೊಡುತ್ತೇನೆ, ಅವತ್ತು ಅಂಗಳದಲ್ಲಿ ನಿಂತಿದ್ದವರಲ್ಲಿ ಉಳಿದಿರುವ ಎಲ್ಲರ ಮನೆಗೂ ಹೋಗಿ ಹೇಳುತ್ತೇನೆ. ಅವರು ನಂಬಬಹುದು. ನಂಬಬೇಕಾದ ಒಬ್ಬರು ಮಾತ್ರ...

ಡಾಕ್ಟರ ಬಳಿ ಹೊರಟ ಆ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿದವರು ಅಪ್ಪನೇ. ಎಳೆದು ನೋಡಿದರು. ಎರಡು ಮೆಟ್ಟಿಲು ಇಳಿದು ನಿಂತು, ನನ್ನನ್ನು ಕೇಳಿದರು:

“ಹಾಕೀನಿ ಅಲ್ಲಾ? ನೀ ನೋಡಿದಿ, ಹೌದಿಲ್ಲೋ?”

“ನೋಡೀನ್ರಿ ಅಪ್ಪಾ. ಹಾಕೀರಿ.”

ಅವರು ತಲೆಯಾಡಿಸಿದರು. ಆಮೇಲೆ ಆ ಕಾಲನ್ನು ಎಳೆಯುತ್ತಾ ಮತ್ತೆ ಮೆಟ್ಟಿಲು ಹತ್ತಿ ಹೋಗಿ, ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದರು.